ಶಾಪ್‌ಗೂ ಆಗಬೇಕು, ಮಗಳ ಕಾಲೇಜಿಗೂ ಆಗಬೇಕು: ಕ್ಯಾಡ್ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಪ್ಯಾಟರ್ನ್ ಶಾಪ್ ಇದೆ. ಎರಕ ಹೊಯ್ಯುವ ಫೌಂಡ್ರಿಯವರಿಗೆ ಪಂಪ್, ವಾಲ್ವ್, ಗೇರ್‌ಬಾಕ್ಸ್ ಬಾಡಿಗಳ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮತ್ತು ಕೋರ್ ಬಾಕ್ಸ್ (ಒಳಗಿನ ಟೊಳ್ಳು ಬರಿಸುವ ಮರಳಿನ ಕೋರ್ ಮಾಡುವ ಪೆಟ್ಟಿಗೆ) ಮಾಡಿಕೊಡುತ್ತೇವೆ. ಇಷ್ಟು ದಿನ ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಮಾಡುವ ಡ್ರಾಯಿಂಗ್ ಕೆಲಸ, ಹೊರಗೆ ಕೊಡುತ್ತಿದ್ದೆ. ಮಗಳು ಮೆಕ್ಯಾನಿಕಲ್ ಐದನೇ ಸೆಮಿಸ್ಟರ್‌ನಲ್ಲಿದ್ದಾಳೆ, ಇನ್ನು ತಾನೇ ಮಾಡುತ್ತೇನೆ ಅನ್ನುತ್ತಾಳೆ. ಅವಳ ಕಾಲೇಜಿಗೂ ನಮ್ಮ ಶಾಪ್‌ಗೂ ಆಗುವಂತೆ ಒಂದು ಲ್ಯಾಪ್‌ಟಾಪ್ ಕೊಡಿಸಬೇಕು. 85 ಸಾವಿರದವರೆಗೆ ಹಾಕಬಲ್ಲೆ. ಅಂಗಡಿಯವರು "ಐ7 ತಗೊಳ್ರಿ, ಹತ್ತು ವರ್ಷ ನೋಡೋದೇ ಬೇಡ" ಅಂತಾರೆ. ಮಗಳ ಗೆಳತಿಯರು ಗೇಮಿಂಗ್ ಲ್ಯಾಪ್‌ಟಾಪ್ ಅಂತಾರೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಮ್ಯಾಕ್‌ಬುಕ್ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ಒಬ್ಬರೂ ಕೇಳಬೇಕಾದ ಪ್ರಶ್ನೆ ಕೇಳಿಲ್ಲ. ನಿಮ್ಮ ಶಾಪ್‌ಗೆ ಇದುವರೆಗೆ ಬಂದ ಅತಿ ಕಷ್ಟದ ಫೈಲ್ ಯಾವುದು? ದಿನಾ ಮಾಡುವ ಫ್ಲ್ಯಾಂಜ್, ಬ್ರಾಕೆಟ್ ಲೆಕ್ಕಕ್ಕಿಲ್ಲ. ಅವನ್ನು ಯಾವ ಲ್ಯಾಪ್‌ಟಾಪ್ ಬೇಕಾದರೂ ಎಳೆಯುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಬಂದು ಬೆವರಿಳಿಸುವ ಕೆಲಸ ಇರುತ್ತದಲ್ಲ, ಒಳಗೆ ಸುತ್ತಿ ಸುತ್ತಿ ಹೋಗುವ ಕೋರ್ ಇರುವ ಪಂಪ್ ಬಾಡಿ ಥರದ್ದು, ಅದನ್ನು ಕಣ್ಣ ಮುಂದೆ ಇಟ್ಟುಕೊಂಡು ಲ್ಯಾಪ್‌ಟಾಪ್ ಹುಡುಕಬೇಕು.

ಮೊದಲು ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ಹೀಗೇ "ಐ7" ಅನ್ನುವ ಸ್ಟಿಕ್ಕರ್ ನೋಡಿ ಒಂದು ತೆಳ್ಳನೆಯ ಲ್ಯಾಪ್‌ಟಾಪ್ ತಂದೆ. ನೋಡಲು ಚಂದ, ಕೈಯಲ್ಲಿ ಹಿಡಿದರೆ ಪುಸ್ತಕದಷ್ಟು ಹಗುರ. ಮೊದಲ ತಿಂಗಳು ಖುಷಿಯೋ ಖುಷಿ. ಆಮೇಲೆ ಒಂದು ಸೆಂಟ್ರಿಫ್ಯೂಗಲ್ ಪಂಪ್ ಕೇಸಿಂಗ್ ಬಂತು. ಇನ್ನೂರಕ್ಕೂ ಜಾಸ್ತಿ ಫೀಚರ್, ಅಂದರೆ ಮಾಡೆಲ್ ಕಟ್ಟಿದ ಹೆಜ್ಜೆಗಳು. ಎಲ್ಲ ಮುಗಿದ ಮೇಲೆ ಗಿರಾಕಿ ಫೋನ್ ಮಾಡಿ "ಡ್ರಾಫ್ಟ್ ಒಂದು ಡಿಗ್ರಿ ಸಾಲಲ್ಲ, ಒಂದೂವರೆ ಮಾಡಿ" ಅಂದರು. ಡ್ರಾಫ್ಟ್ ಅಂದರೆ ಪ್ಯಾಟರ್ನ್ ಮರಳಿನಿಂದ ಸಲೀಸಾಗಿ ಹೊರಬರಲು ಪಕ್ಕಗಳಿಗೆ ಕೊಡುವ ಓರೆ. ಫೀಚರ್‌ಗಳ ಪಟ್ಟಿಯಾದ ಟ್ರೀಯಲ್ಲಿ ಮೇಲೆ ಹೋಗಿ ಒಂದು ಅಂಕಿ ಬದಲಿಸಿ ಓಕೆ ಒತ್ತಿದೆ. ಕರ್ಸರ್ ಸುತ್ತತೊಡಗಿತು. ಎದ್ದು ಹೋಗಿ ಚಹಾ ಕುಡಿದು ಬಂದೆ. ಇನ್ನೂ ಸುತ್ತುತ್ತಿತ್ತು! ಕೊನೆಗೆ ರಿಬಿಲ್ಡ್ ಆಯಿತು, ಅಂದರೆ ಇಡೀ ಮಾಡೆಲ್ ಮತ್ತೆ ಲೆಕ್ಕವಾಗಿ ಕಟ್ಟಿತು. ನೋಡಿದರೆ ಕೆಳಗಿನ ನಾಲ್ಕು ಫಿಲೆಟ್ (ದುಂಡಗೆ ಮಾಡಿದ ಮೂಲೆ) ತಪ್ಪು ಅಂತ ಕೆಂಪಗಾಗಿ ಕುಳಿತಿದ್ದವು. ಒಂದೊಂದು ಫಿಲೆಟ್ ಸರಿಮಾಡಿದಾಗಲೂ ಮತ್ತೆ ಅಷ್ಟೇ ಹೊತ್ತು.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಸಿಪಿಯು ಹತ್ತು ಪರ್ಸೆಂಟ್ ಕೂಡ ಇಲ್ಲ. ಮೆಮೊರಿ ಮಾತ್ರ 97. ಲ್ಯಾಪ್‌ಟಾಪ್‌ನಲ್ಲಿದ್ದದ್ದು 8 ಜಿಬಿ ರಾಮ್. ಜಾಗ ಸಾಲದೆ ಅದು ಎಸ್ಎಸ್‌ಡಿಗೆ ಬರೆದು, ಅಲ್ಲಿಂದ ಓದಿ, ಮತ್ತೆ ಬರೆದು ಒದ್ದಾಡುತ್ತಿತ್ತು. ಸರಿ, ಇನ್ನೊಂದು 8 ಹಾಕಿಸೋಣ ಅಂತ ಅಂಗಡಿಗೆ ಹೋದರೆ "ಇದರಾಗ ರಾಮ್ ಬೋರ್ಡಿಗೇ ಬೆಸುಗೆ ಹಾಕ್ಯಾರ್ರಿ, ಏನೂ ಮಾಡಾಕ ಬರಂಗಿಲ್ಲ" ಅಂದರು. ಮಾರುವಾಗ ಅದನ್ನು ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಆ ಹತ್ತು ಪರ್ಸೆಂಟಿನಲ್ಲೇ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ಸಾಲಿಡ್‌ವರ್ಕ್ಸ್, ಕ್ರಿಯೋ, ಫ್ಯೂಷನ್ ಇಂಥ ಸಾಫ್ಟ್‌ವೇರ್‌ಗಳು ಮಾಡೆಲನ್ನು ಒಂದರ ಮೇಲೊಂದು ಕಟ್ಟುತ್ತಾ ಹೋಗುತ್ತವೆ. ಮೊದಲು ಬಾಡಿ, ಅದರ ಮೇಲೆ ಬಾಸ್ (ಉಬ್ಬು), ಅದಕ್ಕೆ ಡ್ರಾಫ್ಟ್, ಕೊನೆಗೆ ಫಿಲೆಟ್. ಮೇಲಿನದು ಮುಗಿಯದೆ ಕೆಳಗಿನದು ಶುರುವಾಗುವ ಹಾಗಿಲ್ಲ. ನಿಮ್ಮ ಫೌಂಡ್ರಿ ಲೆಕ್ಕದಲ್ಲೇ ಹೇಳುವುದಾದರೆ, ಅಂಗಳದಲ್ಲಿ ಹನ್ನೆರಡು ಆಳು ನಿಂತಿದ್ದರೂ ಮೋಲ್ಡ್ ಮುಚ್ಚುವ ಮೊದಲು ಯಾರೂ ಕಬ್ಬಿಣ ಸುರಿಯಲು ಬರುವುದಿಲ್ಲ. ಹಾಗಾಗಿ ಪ್ರೊಸೆಸರ್‌ನಲ್ಲಿ ಎಷ್ಟೇ ಕೋರ್ (ಇದು ಮರಳಿನ ಕೋರ್ ಅಲ್ಲ, ಲೆಕ್ಕ ಮಾಡುವ ಘಟಕ) ಇದ್ದರೂ ರಿಬಿಲ್ಡ್ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ದುಡಿಯುತ್ತದೆ, ಉಳಿದವು ಕೈಕಟ್ಟಿ ನಿಂತಿರುತ್ತವೆ. ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಇರುವ ಪ್ರೊಸೆಸರ್‌ನಲ್ಲಿ ಒಂದು ಮಾತ್ರ ಪೂರ್ತಿ ದುಡಿದರೆ ಟಾಸ್ಕ್ ಮ್ಯಾನೇಜರ್ ಸುಮಾರು 8 ಪರ್ಸೆಂಟ್ ತೋರಿಸುತ್ತದೆ. ಜನ ಅದನ್ನು ನೋಡಿ "ಕಂಪ್ಯೂಟರ್ ಖಾಲಿ ಕೂತಿದೆ, ಸಾಫ್ಟ್‌ವೇರ್ ಸರಿಯಿಲ್ಲ" ಅಂತ ಬೈಯುತ್ತಾರೆ.

ಹಾಗಾಗಿ ಅಂಗಡಿಯಲ್ಲಿ "ಹತ್ತು ಕೋರ್ ಇದೆ, ಹದಿನಾಲ್ಕು ಕೋರ್ ಇದೆ" ಅಂತ ಎಣಿಸಿಕೊಟ್ಟರೆ ತಲೆ ಅಲ್ಲಾಡಿಸಿ ಸುಮ್ನಿರಿ. ಮಾಡೆಲಿಂಗ್‌ಗೆ ಬೇಕಾದದ್ದು ಒಂದು ಕೋರ್ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದು. ಹೊಸ ಐ5 ಕೂಡ ನಾಲ್ಕೂವರೆ ಗಿಗಾಹರ್ಟ್ಸ್ ಮುಟ್ಟುತ್ತದೆ. ಅಷ್ಟು ಸಾಕು.

ಹಾಗಂತ ಎಲ್ಲ ಪ್ರೊಸೆಸರ್ ಒಂದೇ ಅಂತಲೂ ಅಲ್ಲ. ನೋಡಬೇಕಾದದ್ದು ಹೆಸರಿನ ಮೊದಲಿನ ಅಂಕಿಯನ್ನಲ್ಲ, ಕೊನೆಯ ಅಕ್ಷರವನ್ನು. ಉದಾಹರಣೆಗೆ ಐ7-1355ಯು ಮತ್ತು ಐ5-13420ಎಚ್ ತಗೊಳ್ಳಿ. ಮೊದಲನೆಯದು ಐ7. ಆದರೆ ಅದರ ಹತ್ತು ಕೋರ್‌ಗಳಲ್ಲಿ ದೊಡ್ಡವು ಎರಡೇ, ಉಳಿದ ಎಂಟು ಸಣ್ಣವು. ಅದನ್ನು ಮಾಡಿರುವುದೇ 15 ವ್ಯಾಟ್ ಲೆಕ್ಕಕ್ಕೆ. ಎರಡನೆಯದು ಐ5 ಆದರೂ ನಾಲ್ಕು ದೊಡ್ಡ ಕೋರ್, ನಾಲ್ಕು ಸಣ್ಣವು, 45 ವ್ಯಾಟ್. ಒಂದು ಫೀಚರ್ ಎಳೆಯುವಾಗ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ನಿಜ. ಕ್ಯಾಮ್‌ನಲ್ಲಿ (ಮಷೀನ್‌ಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್) ಟೂಲ್‌ಪಾಥ್, ಅಂದರೆ ಮಷೀನಿನ ಹತ್ಯಾರ ಸಾಗುವ ದಾರಿ, ಲೆಕ್ಕ ಹಾಕಿಸಿ ನೋಡಿ, ಅಥವಾ ಒಂದು ರೆಂಡರ್ (ಮಾಡೆಲಿನ ಫೋಟೋದಂಥ ಚಿತ್ರ) ಕೊಟ್ಟು ನೋಡಿ. ಇಲ್ಲಿ ಎಲ್ಲ ಕೋರ್‌ಗಳೂ ದುಡಿಯುತ್ತವೆ, ಅದೂ ಹತ್ತಿಪ್ಪತ್ತು ನಿಮಿಷ ಬಿಡದೆ. ಆಗ ಯು ಅಕ್ಷರದ್ದು ಮೊದಲ ಅರ್ಧ ನಿಮಿಷ ಓಡಿ ಆಮೇಲೆ ಬಿಸಿಯಾಗಿ ನಡಿಗೆಗೆ ಇಳಿಯುತ್ತದೆ. ಎಚ್ ಅಕ್ಷರದ್ದು ಫ್ಯಾನ್ ಕೂಗುತ್ತಾ ಓಡುತ್ತಲೇ ಇರುತ್ತದೆ. ನಿಮ್ಮ ಶಾಪ್‌ನಲ್ಲಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷೀನ್) ಇದೆಯೋ, ಮುಂದೆ ತರುವವರೋ ಗೊತ್ತಿಲ್ಲ. ಪ್ಯಾಟರ್ನ್ ಮಾಡುವವರಿಗೆ ಇವತ್ತಲ್ಲ ನಾಳೆ ಟೂಲ್‌ಪಾಥ್ ಕೆಲಸ ಬಂದೇ ಬರುತ್ತದೆ. ಆದ್ದರಿಂದ ಎಚ್ ಅಥವಾ ಎಚ್ಎಕ್ಸ್. ಎಎಂಡಿಯಲ್ಲೂ ಹೀಗೇ, ರೈಜನ್ ಹೆಸರಿನ ಕೊನೆಗೆ ಎಚ್, ಎಚ್ಎಸ್ ಇದ್ದರೆ ಸರಿ. ಇಂಟೆಲ್ ಈಗ ಐ5, ಐ7 ಬಿಟ್ಟು "ಕೋರ್ ಅಲ್ಟ್ರಾ 5", "ಅಲ್ಟ್ರಾ 7" ಅಂತ ಹೆಸರು ಬದಲಿಸಿದೆ. ಅಕ್ಷರದ ಕಥೆ ಮಾತ್ರ ಬದಲಾಗಿಲ್ಲ.

ಇನ್ನು ರಾಮ್. ನನ್ನ ಕೈ ಸುಟ್ಟದ್ದು ಇಲ್ಲೇ ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

16 ಜಿಬಿಗಿಂತ ಕಡಿಮೆ ಇರುವ ಲ್ಯಾಪ್‌ಟಾಪನ್ನು ಕಣ್ಣೆತ್ತಿ ಕೂಡ ನೋಡಬೇಡಿ. ಸಾಲಿಡ್‌ವರ್ಕ್ಸ್‌ನವರೇ ಕನಿಷ್ಠ 16 ಅನ್ನುತ್ತಾರೆ. ವಿಂಡೋಸ್, ನಾಲ್ಕು ಟ್ಯಾಬ್ ತೆರೆದ ಬ್ರೌಸರ್, ಗಿರಾಕಿ ಕಳಿಸಿದ ಪಿಡಿಎಫ್, ವಾಟ್ಸಾಪ್ ಇಷ್ಟೇ ಸೇರಿ ಆರೇಳು ಜಿಬಿ ತಿಂದಿರುತ್ತವೆ. ಉಳಿದದ್ದರಲ್ಲಿ ಕ್ಯಾಡ್ ಬದುಕಬೇಕು. ಕಾಲೇಜಿನ ಕೆಲಸಕ್ಕೆ, ನೂರು ಇನ್ನೂರು ಪಾರ್ಟ್‌ನ ಅಸೆಂಬ್ಲಿಗೆ 16 ಧಾರಾಳ. ನಿಮ್ಮ ಶಾಪ್‌ನಲ್ಲಿ ಒಂದು ಕೆಲಸ ಮಾತ್ರ ಇದನ್ನು ಮೀರುತ್ತದೆ, ಸ್ಕ್ಯಾನ್. ಡ್ರಾಯಿಂಗ್ ಕಳೆದುಹೋದ ಹಳೇ ಕಾಸ್ಟಿಂಗ್ ತಂದು "ಇದರ ಹಾಗೇ ಮಾಡಿಕೊಡಿ" ಅನ್ನುವ ಗಿರಾಕಿಗಳು ನಿಮಗೂ ಇರುತ್ತಾರಲ್ಲ. ಹೊರಗೆ ತ್ರೀಡಿ ಸ್ಕ್ಯಾನ್ ಮಾಡಿಸಿದರೆ ಅವರು ಎಸ್‌ಟಿಎಲ್ ಫೈಲ್ ಕೊಡುತ್ತಾರೆ. ಇಡೀ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದ ಫೈಲ್ ಅದು. ಒಂದು ಗೇರ್‌ಬಾಕ್ಸ್ ಹೌಸಿಂಗ್‌ನಲ್ಲಿ ಲಕ್ಷಗಟ್ಟಲೆ ತ್ರಿಕೋನ. ಅದನ್ನು ಕ್ಯಾಡ್‌ಗೆ ಎಳೆದುಕೊಂಡು ಅದರ ಮೇಲೆ ಮಾಡೆಲ್ ಕಟ್ಟಲು ಹೋದರೆ 16 ಜಿಬಿ ಏದುಸಿರು ಬಿಡುತ್ತದೆ. ಆಗ 32 ಬೇಕು.

ಇವತ್ತೇ 32 ಬೇಡ. ಆದರೆ ಹಾಕಲು ಜಾಗ ಇರಬೇಕು. ಅದನ್ನು ತಿಳಿಯಲು ಯಾರ ಮಾತೂ ನಂಬಬೇಕಿಲ್ಲ. ಅಂಗಡಿಯಲ್ಲಿ ಆನ್ ಮಾಡಿಟ್ಟ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಬಲಗಡೆ ಕೆಳಗೆ ಸಣ್ಣ ಅಕ್ಷರದಲ್ಲಿ "ಫಾರ್ಮ್ ಫ್ಯಾಕ್ಟರ್" ಅಂತ ಇರುತ್ತದೆ. ಅಲ್ಲಿ "ಸೋಡಿಮ್" ಅಂತಿದ್ದರೆ ತೆಗೆದು ಹಾಕಬಹುದಾದ ರಾಮ್. "ರೋ ಆಫ್ ಚಿಪ್ಸ್" ಅಂತಿದ್ದರೆ ಬೆಸುಗೆ ಹಾಕಿದ್ದು, ನಮಸ್ಕಾರ ಹೇಳಿ ಮುಂದಿನದಕ್ಕೆ ಹೋಗಿ. ಅದರ ಮೇಲಿನ ಸಾಲಿನಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅನ್ನುವುದೂ ಕಾಣುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು. ನನಗೆ ಆವತ್ತು ಯಾರಾದರೂ ಇದನ್ನು ಹೇಳಿದ್ದರೆ!

ಒಂದೇ ರಾಮ್ ಪಟ್ಟಿಯಲ್ಲಿ 16 ಜಿಬಿ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಒಳ್ಳೆಯದೋ, 8 ಮತ್ತು 8 ಒಳ್ಳೆಯದೋ? ಎರಡು ಪಟ್ಟಿ ಇದ್ದರೆ ಇವತ್ತಿನ ವೇಗ ಸ್ವಲ್ಪ ಜಾಸ್ತಿ. ಒಂದೇ ಪಟ್ಟಿಯಾದರೆ ನಾಳೆ ಇನ್ನೊಂದು 16 ಸೇರಿಸುವುದು ಸುಲಭ, ಇದ್ದದ್ದನ್ನು ಕಿತ್ತು ಬಿಸಾಡಬೇಕಿಲ್ಲ. ನಾನಾಗಿದ್ದರೆ ಒಂದೇ ಪಟ್ಟಿಯದನ್ನು ತಗೊಂಡು, ಸ್ಕ್ಯಾನ್ ಕೆಲಸ ಬಂದ ದಿನ ಇನ್ನೊಂದು ಹಾಕಿಸುತ್ತಿದ್ದೆ.

ಗೇಮಿಂಗ್ ಲ್ಯಾಪ್‌ಟಾಪ್ ಅಂದ ಹುಡುಗಿಯರ ಮಾತಿಗೆ ಬರೋಣ. ಹೆಸರು ಕೇಳಿ ನೀವು ಗಾಬರಿಯಾದಿರೇನೋ. ನಿಜ ಹೇಳಬೇಕೆಂದರೆ ನಿಮ್ಮ ದುಡ್ಡಿಗೆ ಅವರ ಸಲಹೆಯೇ ಮೂರರಲ್ಲಿ ಸರಿಗೆ ಹತ್ತಿರ. ಎಚ್ ಪ್ರೊಸೆಸರ್, ಬದಲಿಸಬಹುದಾದ ರಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಬಿಸಿ ತಡೆಯುವ ದೊಡ್ಡ ಫ್ಯಾನ್, ಇಷ್ಟೂ ಒಟ್ಟಿಗೆ ಈ ಬೆಲೆಗೆ ಸಿಗುವುದು ಗೇಮಿಂಗ್ ಹೆಸರಿನ ಡಬ್ಬಿಯಲ್ಲೇ. ಕೀಬೋರ್ಡಿನ ಕೆಂಪು ನೀಲಿ ದೀಪಗಳನ್ನು ಆರಿಸಿಬಿಟ್ಟರೆ ಆಯಿತು.

ಆದರೆ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ದುಡ್ಡು ಹಾಕಬೇಕು ಅನ್ನುವುದರಲ್ಲಿ ಜನ ಎಡವುತ್ತಾರೆ. ಕ್ಯಾಡ್‌ನಲ್ಲಿ ಆ ಕಾರ್ಡಿನ ಮುಖ್ಯ ಕೆಲಸ ಮಾಡೆಲನ್ನು ಪರದೆಯ ಮೇಲೆ ತೋರಿಸುವುದು, ನೀವು ತಿರುಗಿಸಿದ ಹಾಗೆ ತಿರುಗಿಸುವುದು. ರಿಬಿಲ್ಡ್ ಅದರ ಪಾಲಿಗೆ ಬರುವುದೇ ಇಲ್ಲ. ಆರ್‌ಟಿಎಕ್ಸ್ 3050ರ 6 ಜಿಬಿಯದು, ಅಥವಾ ಆರ್‌ಟಿಎಕ್ಸ್ 4050, ಈ ಮಟ್ಟದ್ದು ಪ್ಯಾಟರ್ನ್ ಕೆಲಸಕ್ಕೂ ಎಂಜಿನಿಯರಿಂಗ್ ಕಾಲೇಜಿಗೂ ಸಾಕು. 3050ರಲ್ಲಿ 4 ಜಿಬಿಯದೂ ಇದೆ, ಹೆಸರು ಒಂದೇ. ಕೇಳಿ ತಗೊಳ್ಳಿ. ಇನ್ನೂ ದೊಡ್ಡ ಕಾರ್ಡಿಗೆ ಹಾಕುವ ದುಡ್ಡನ್ನು ರಾಮ್‌ಗೋ ಒಂದು ಮಾನಿಟರ್‌ಗೋ ಹಾಕಿದರೆ ನಿಮಗೆ ನಿಜವಾದ ಉಪಯೋಗ. ಮಗಳು ಆರ್ಕಿಟೆಕ್ಚರ್ ಓದುತ್ತಿದ್ದು ಮನೆಗಳ ತ್ರೀಡಿ ವಾಕ್‌ಥ್ರೂ ಮಾಡುವವಳಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

"ವರ್ಕ್‌ಸ್ಟೇಷನ್" ಅಂತ ಇನ್ನೊಂದು ಜಾತಿ ಇದೆ. ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ. ಇವುಗಳಲ್ಲಿ ಎನ್ವಿಡಿಯಾದ ವೃತ್ತಿಪರ ಕಾರ್ಡ್ ಇರುತ್ತದೆ, ಹಿಂದೆ ಕ್ವಾಡ್ರೊ ಅನ್ನುತ್ತಿದ್ದರಲ್ಲ, ಅದು. ಕ್ಯಾಡ್ ಕಂಪನಿಯವರು ಆ ಕಾರ್ಡ್ ಮತ್ತು ಅದರ ಡ್ರೈವರನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರುತ್ತಾರೆ. ಗೇಮಿಂಗ್ ಕಾರ್ಡಿಗೆ ಆ ಒಪ್ಪಿಗೆ ಇಲ್ಲ. ಇದರಿಂದ ಆಗುವ ತೊಂದರೆ ಏನು? ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಎಂಬ ಹೊಳಪಿನ ನೋಟ ಸಾಮಾನ್ಯವಾಗಿ ಬರುವುದಿಲ್ಲ. ಅಪರೂಪಕ್ಕೆ ಒಂದು ಗೆರೆ ಮಾಯವಾಗಿ ಮತ್ತೆ ಬರುತ್ತದೆ. ಸಾವಿರಾರು ಪಾರ್ಟ್‌ನ ವಿಮಾನದ ಅಸೆಂಬ್ಲಿ ಮಾಡುವ ಕಂಪನಿಗೆ ಇದು ದೊಡ್ಡ ವಿಷಯ. ಅಲ್ಲಿ ಒಂದು ದಿನ ನಿಂತರೆ ಲಕ್ಷಗಟ್ಟಲೆ ಲುಕ್ಸಾನು. ನಮ್ಮಂಥವರಿಗೆ ಅಷ್ಟು ದುಡ್ಡು ಕೊಡುವ ವಿಷಯ ಅಲ್ಲ. ಎನ್ವಿಡಿಯಾದವರು ಗೇಮಿಂಗ್ ಕಾರ್ಡಿಗೂ "ಸ್ಟುಡಿಯೋ ಡ್ರೈವರ್" ಅಂತ ಬೇರೆಯದನ್ನು ಕೊಡುತ್ತಾರೆ, ಗೇಮ್ ಡ್ರೈವರ್ ಬದಲು ಅದನ್ನು ಹಾಕಿಕೊಳ್ಳಿ.

ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್‌ಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಗಟ್ಟಿಮುಟ್ಟು ಸಾಮಾನು, ನನಗೆ ಇಷ್ಟ. ಎರಡು ವಿಷಯ ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಏಳನೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಎರಡನೆಯದು ಬ್ಯಾಟರಿ. ಅದು ಸತ್ತೇ ಇರುತ್ತದೆ ಅಂದುಕೊಂಡೇ ಬೆಲೆ ಮಾತಾಡಿ. ಆದರೆ ಮಗಳ ಮೊದಲ ಲ್ಯಾಪ್‌ಟಾಪ್, ಕಾಲೇಜಿಗೆ ಹೊತ್ತು ಓಡಾಡುವಂಥದ್ದು. ವಾರಂಟಿ ಇರುವ ಹೊಸದೇ ಇರಲಿ ಅಂತ ನನ್ನ ಅಭಿಪ್ರಾಯ.

ಮ್ಯಾಕ್‌ಬುಕ್? ಚೆಂದದ ಯಂತ್ರ, ನಿಮ್ಮ ಕೆಲಸಕ್ಕಲ್ಲ. ಆಟೋಕ್ಯಾಡ್ ಮತ್ತು ಫ್ಯೂಷನ್ ಅದರಲ್ಲಿ ನಡೆಯುತ್ತವೆ. ಸಾಲಿಡ್‌ವರ್ಕ್ಸ್, ಕ್ರಿಯೋ, ಕಾಟಿಯಾ ಮೂರೂ ವಿಂಡೋಸ್‌ಗೆ ಮಾಡಿದವು. ಹಳೇ ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಅಂತ ಇತ್ತು, ಪಕ್ಕದಲ್ಲೇ ವಿಂಡೋಸ್ ಹಾಕಿಕೊಳ್ಳಬಹುದಿತ್ತು. ಆಪಲ್ ತನ್ನದೇ ಎಂ ಚಿಪ್‌ಗೆ ಬಂದ ಮೇಲೆ ಅದೂ ಹೋಯಿತು. ಅಣ್ಣನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ ಅಂತ ನನ್ನ ಊಹೆ. ಅವನ ಕೆಲಸಕ್ಕೆ ಅವನ ಮಾತು ಸರಿ.

ಈಗ ಯಾವ ಜಾಹೀರಾತಿನಲ್ಲೂ ಬರೆಯದ ವಿಷಯ: ಧೂಳು. ನಿಮ್ಮದು ಪ್ಯಾಟರ್ನ್ ಶಾಪ್, ಅಂದರೆ ಮರದ ಪುಡಿ. ಪಕ್ಕದಲ್ಲಿ ಫೌಂಡ್ರಿ, ಅಂದರೆ ಕಪ್ಪು ಮರಳಿನ ಧೂಳು. ಗೆಳೆಯರೊಬ್ಬರ ಲ್ಯಾಪ್‌ಟಾಪ್ ಒಂದೂವರೆ ವರ್ಷಕ್ಕೇ "ವಿಪರೀತ ಬಿಸಿ, ತಾನಾಗೇ ಆಫ್ ಆಗ್ತದ" ಅಂತ ನನ್ನ ಮೇಜಿಗೆ ಬಂತು. ಹಿಂದಿನ ಮುಚ್ಚಳ ಬಿಚ್ಚಿದೆ. ಗಾಳಿ ಹೊರಗೆ ಹೋಗುವ ಕಡೆ ತಾಮ್ರದ ಸಣ್ಣ ಸಣ್ಣ ಎಲೆಗಳ ಸಾಲು ಇರುತ್ತದೆ. ಅದು ಕಾಣಲೇ ಇಲ್ಲ. ಫ್ಯಾನ್‌ಗೂ ಆ ಎಲೆಗಳಿಗೂ ನಡುವೆ ಬೂದು ಬಣ್ಣದ ಕಂಬಳಿಯ ತುಂಡಿನಂಥದ್ದು ಕುಳಿತಿತ್ತು. ಚಿಮಟದಿಂದ ಒಂದು ತುದಿ ಹಿಡಿದೆಳೆದರೆ ಇಡೀ ಪಟ್ಟಿ ಹಾಗೇ ಎದ್ದು ಬಂತು, ಬೆರಳಲ್ಲಿ ತಿಕ್ಕಿದರೆ ಸೀಸದ ಕಡ್ಡಿಯ ಹಾಗೆ ಕಪ್ಪು. ಕ್ಲೀನ್ ಮಾಡಿ ಹೊಸ ಥರ್ಮಲ್ ಪೇಸ್ಟ್ ಹಚ್ಚಿದ ಮೇಲೆ ಲ್ಯಾಪ್‌ಟಾಪ್ ಮತ್ತೆ ಮೊದಲಿನಂತಾಯಿತು. ಹೊಸ ಪ್ರೊಸೆಸರ್ ಬೇಕೇನೋ ಅಂತ ಅವರು ಆಗಲೇ ಬೆಲೆ ವಿಚಾರಿಸಿ ಬಂದಿದ್ದರು!

ಆದ್ದರಿಂದ ಲ್ಯಾಪ್‌ಟಾಪನ್ನು ಶಾಪ್‌ನ ಒಳಗೆ, ಬ್ಯಾಂಡ್‌ಸಾ ಪಕ್ಕದ ಬೆಂಚಿನ ಮೇಲೆ ಇಡಲೇಬೇಡಿ. ಬಾಗಿಲು ಹಾಕುವ ಆಫೀಸ್ ರೂಮು ಇದ್ದರೆ ಅಲ್ಲಿ, ಇಲ್ಲದಿದ್ದರೆ ಮನೆಯಲ್ಲೇ ಡಿಸೈನ್ ಮುಗಿಸಿ ಪೆನ್‌ಡ್ರೈವ್‌ನಲ್ಲಿ ತರಲಿ. ಆರು ತಿಂಗಳಿಗೊಮ್ಮೆ ಬಿಚ್ಚಿ ಕ್ಲೀನ್ ಮಾಡಿಸಿ. ಕಂಪ್ರೆಸರ್ ಗಾಳಿ ಹಿಡಿದು ಊದುವ ಚಾಳಿ ನಮ್ಮ ಕಡೆ ಎಲ್ಲರಿಗೂ ಇದೆ. ಅದರ ಜೋರಿಗೆ ಫ್ಯಾನ್ ಲಂಗುಲಗಾಮಿಲ್ಲದೆ ತಿರುಗಿ ಬೇರಿಂಗ್ ಹೋಗುತ್ತದೆ, ಪೈಪಿನಲ್ಲಿದ್ದ ನೀರೂ ಒಳಗೆ ಬೀಳುತ್ತದೆ. ಬೇಡ. ಬೆಳಗಾವಿಯ ಹವೆ ತಂಪು, ಅದೊಂದು ಪುಣ್ಯ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಇದೇ ಲ್ಯಾಪ್‌ಟಾಪ್ ಇನ್ನಷ್ಟು ಏದುಸಿರು ಬಿಡುತ್ತದೆ. ಅಲ್ಲಿಯವರು ಇದನ್ನು ಓದುತ್ತಿದ್ದರೆ ಕೆಳಗೆ ಎರಡು ಮರದ ತುಂಡು ಕೊಟ್ಟು ಹಿಂಭಾಗ ಒಂದಿಂಚು ಎತ್ತರಿಸಿ. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡುವುದು ಮಾತ್ರ ಯಾವ ಊರಿನಲ್ಲೂ ಬೇಡ.

ಪರದೆ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 15.6 ಅಥವಾ 16 ಇಂಚು, ಫುಲ್ ಎಚ್‌ಡಿ. 1920 ಬೈ 1200ರದು ಸಿಕ್ಕರೆ ಅದನ್ನೇ ತಗೊಳ್ಳಿ, ಸ್ವಲ್ಪ ಎತ್ತರ ಜಾಸ್ತಿ ಇರುವುದರಿಂದ ಫೀಚರ್ ಟ್ರೀಯಲ್ಲಿ ಒಂದೆರಡು ಸಾಲು ಹೆಚ್ಚು ಕಾಣುತ್ತದೆ. 4ಕೆ ಬೇಡವೇ ಬೇಡ, ಸಣ್ಣ ಪರದೆಯಲ್ಲಿ ಹಳೇ ಸಾಫ್ಟ್‌ವೇರ್‌ನ ಐಕಾನ್‌ಗಳು ಸಾಸಿವೆ ಕಾಳಾಗುತ್ತವೆ. ಕೀಬೋರ್ಡಿನ ಬಲಕ್ಕೆ ಅಂಕಿಗಳ ಪ್ಯಾಡ್ ಇರಲೇಬೇಕು. ಆಟೋಕ್ಯಾಡ್‌ನಲ್ಲಿ ದಿನಕ್ಕೆ ಸಾವಿರ ಸಲ ಅಳತೆ ಹೊಡೆಯುವವಳ ಬೆರಳಿಗೆ ಅದರ ಬೆಲೆ ಗೊತ್ತು. ಚಕ್ರವನ್ನೇ ಬಟನ್ ಥರ ಒತ್ತಬಹುದಾದ ಒಳ್ಳೇ ಮೌಸ್ ಕೊಡಿಸಿ. ಚಕ್ರ ಒತ್ತಿಯೇ ಮಾಡೆಲ್ ತಿರುಗಿಸುವುದು, ಸರಿಸುವುದು. ಟಚ್‌ಪ್ಯಾಡ್‌ನಲ್ಲಿ ಕ್ಯಾಡ್ ಮಾಡುವುದು ಎಡಗೈಯಲ್ಲಿ ಫೈಲ್ ಉಜ್ಜಿದ ಹಾಗೆ.

ಲ್ಯಾನ್ ಪೋರ್ಟ್ ಇದೆಯಾ ನೋಡಿ, ಮಷೀನ್‌ಗೆ ಪ್ರೋಗ್ರಾಂ ಕಳಿಸಲು ಬೇಕಾಗುತ್ತದೆ. ಉದ್ಯಮಬಾಗದ ಹಳೇ ವಿಎಂಸಿಗಳಲ್ಲಿ (ಲೋಹ ಕೊರೆಯುವ ಕಂಪ್ಯೂಟರ್ ಮಷೀನ್) ಇನ್ನೂ ಆರ್‌ಎಸ್-232 ಎಂಬ ಹಳೇ ಕೇಬಲ್ಲೇ ನಡೆಯುತ್ತಿದೆ. ಅದಕ್ಕೆ ಯುಎಸ್‌ಬಿ ಕನ್ವರ್ಟರ್ ಸಿಗುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಸ್ಟೋರೇಜ್ 512 ಜಿಬಿ ಎನ್‌ವಿಎಂಇ ಎಸ್ಎಸ್‌ಡಿ, ಇನ್ನೊಂದು ಹಾಕಲು ಖಾಲಿ ಸ್ಲಾಟ್ ಇದ್ದರೆ ಉತ್ತಮ. ತೂಕ ಎರಡೂಕಾಲು ಕಿಲೋದ ಆಸುಪಾಸು, ಚಾರ್ಜರ್ ಮತ್ತೆ ಅರ್ಧ ಕಿಲೋ. ಮಗಳು ದಿನಾ ಬಸ್ಸಿನಲ್ಲಿ ಹೋಗುವವಳಾದರೆ ಒಂದು ಸಲ ಬ್ಯಾಗಿಗೆ ಹಾಕಿ ಹೆಗಲಿಗೆ ಏರಿಸಿ ನೋಡಲಿ. ಚಾರ್ಜರ್ ಬಿಟ್ಟು ಹೋಗುವ ಹಾಗೂ ಇಲ್ಲ. ಬ್ಯಾಟರಿಯಲ್ಲಿ ಇಂಥ ಲ್ಯಾಪ್‌ಟಾಪ್‌ಗಳು ಅರ್ಧ ವೇಗಕ್ಕೆ ಇಳಿಯುತ್ತವೆ, ಅದೂ ಒಂದೆರಡು ತಾಸು ಅಷ್ಟೇ.

ಲ್ಯಾಪ್‌ಟಾಪಿಗಿಂತ ದುಬಾರಿಯಾಗಬಹುದಾದ ಒಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಆಟೋಡೆಸ್ಕ್‌ನವರು ವಿದ್ಯಾರ್ಥಿಗಳಿಗೆ ಆಟೋಕ್ಯಾಡ್, ಫ್ಯೂಷನ್, ಇನ್ವೆಂಟರ್ ಎಲ್ಲ ಪುಕ್ಕಟೆ ಕೊಡುತ್ತಾರೆ, ವರ್ಷಕ್ಕೊಮ್ಮೆ ವಿದ್ಯಾರ್ಥಿ ಅಂತ ತೋರಿಸಿ ನವೀಕರಿಸಬೇಕು. ಮಗಳು ಅದರಲ್ಲಿ ಕಲಿಯಲಿ. ಆದರೆ ಆ ಲೈಸೆನ್ಸ್ ಓದಿಗೆ ಮಾತ್ರ. ಅದರಲ್ಲೇ ನಿಮ್ಮ ಗಿರಾಕಿಯ ಪಂಪ್ ಬಾಡಿ ಮಾಡಿ ಬಿಲ್ ಹಾಕುವಂತಿಲ್ಲ. "ಕ್ರ್ಯಾಕ್ ಹಾಕಿಕೊಡ್ತೀನಿ, ಐನೂರು ಕೊಡ್ರಿ" ಅನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಅಂಥ ಸಾಫ್ಟ್‌ವೇರ್ ಇಂಟರ್‌ನೆಟ್‌ಗೆ ಸೇರಿದಾಗ ಕಂಪನಿಗೆ ಸುದ್ದಿ ಮುಟ್ಟಬಹುದು, ಆಮೇಲೆ ಬರುವ ನೋಟಿಸಿನಲ್ಲಿರುವ ಮೊತ್ತ ನೋಡಿದರೆ ಲ್ಯಾಪ್‌ಟಾಪ್ ಬೆಲೆ ನಗು ತರಿಸುತ್ತದೆ. ಕ್ರ್ಯಾಕ್ ಜೊತೆಗೆ ಬರುವ ವೈರಸ್ ಬೇರೆ. ಶಾಪ್ ಕೆಲಸಕ್ಕೆ ಮೊದಮೊದಲು ಫ್ರೀಕ್ಯಾಡ್ ಸಾಕು. ಅದು ನಿಜಕ್ಕೂ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು, 2024ರ ನವೆಂಬರ್‌ನಲ್ಲಿ 1.0 ಬಂದ ಮೇಲೆ ಸಾಕಷ್ಟು ಸುಧಾರಿಸಿದೆ. ಡ್ರಾಫ್ಟ್ ಕೊಡುವುದು, ಎರಕ ಆರುವಾಗಿನ ಕುಗ್ಗುವಿಕೆಗೆ ನೂರಕ್ಕೆ ಒಂದರಂತೆ ಮಾಡೆಲ್ ಹಿಗ್ಗಿಸುವುದು ಅದರಲ್ಲೂ ಆಗುತ್ತದೆ. ಕೈ ಕುಳಿತ ಮೇಲೆ, ಆರ್ಡರ್ ಹೆಚ್ಚಾದ ಮೇಲೆ ಲೈಸೆನ್ಸ್ ತಗೊಳ್ಳಿ.

ಬಿಲ್ ಮಾಡಿಸುವಾಗ ಶಾಪ್‌ನ ಜಿಎಸ್‌ಟಿ ನಂಬರ್ ಹಾಕಿಸಿ. ಲ್ಯಾಪ್‌ಟಾಪಿಗೆ 18 ಪರ್ಸೆಂಟ್ ತೆರಿಗೆ. 85 ಸಾವಿರದಲ್ಲಿ ಸುಮಾರು 13 ಸಾವಿರ ಅದೇ. ಶಾಪ್ ಕೆಲಸಕ್ಕೆ ಬಳಸಿದಷ್ಟಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಕಾಲೇಜಿಗೂ ಬಳಸುವುದರಿಂದ ಎಷ್ಟು ಅನ್ನುವುದನ್ನು ನಿಮ್ಮ ಲೆಕ್ಕ ನೋಡುವವರ ಹತ್ತಿರ ಮಾತಾಡಿ. ಆ ಉಳಿದ ದುಡ್ಡಿಗೆ ಮನೆಯ ಮೇಜಿಗೆ ಒಂದು 24 ಇಂಚಿನ ಮಾನಿಟರ್ ಬಂದರೆ ಒಂದರಲ್ಲಿ ಗಿರಾಕಿಯ ಡ್ರಾಯಿಂಗ್, ಇನ್ನೊಂದರಲ್ಲಿ ಮಾಡೆಲ್. ಕತ್ತು ನೋವೂ ಕಡಿಮೆ. ವಾರಂಟಿ ಕೇಳುವಾಗ ಎಷ್ಟು ವರ್ಷ ಅಂತ ಮಾತ್ರ ಕೇಳಬೇಡಿ. ಕೆಟ್ಟರೆ ಬೆಳಗಾವಿಯಲ್ಲೇ ರಿಪೇರಿಯೋ, ಹುಬ್ಬಳ್ಳಿಗೆ ಕಳಿಸುತ್ತಾರೋ, ಮನೆಗೇ ಬರುತ್ತಾರೋ ಅಂತಲೂ ಕೇಳಿ. ಪರೀಕ್ಷೆ ಹೊತ್ತಿನಲ್ಲಿ ಹದಿನೈದು ದಿನ ಲ್ಯಾಪ್‌ಟಾಪ್ ಇಲ್ಲದೆ ಕೂರುವ ಸಂಕಟ ಬೇಡ.

ಹಾಗಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಲು: ಎಚ್ ಅಕ್ಷರದ ಐ5 ಅಥವಾ ಅದೇ ಮಟ್ಟದ ರೈಜನ್, 16 ಜಿಬಿ ಸೋಡಿಮ್ ರಾಮ್ ಮತ್ತು ಖಾಲಿ ಸ್ಲಾಟ್, 6 ಜಿಬಿಯ ಆರ್‌ಟಿಎಕ್ಸ್ ಕಾರ್ಡ್, 512ರ ಎಸ್ಎಸ್‌ಡಿ, ಅಂಕಿ ಪ್ಯಾಡ್, ಲ್ಯಾನ್ ಪೋರ್ಟ್. ರಾಮ್ ಬೆಲೆ ಈಚೆಗೆ ಏರಿರುವುದರಿಂದ ಇಷ್ಟೂ ಒಂದರಲ್ಲೇ ಸಿಗದೆ ಯಾವುದಾದರೂ ಬಿಡಬೇಕಾಗಿ ಬಂದರೆ ಮೊದಲು ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ರಾಮ್‌ನಲ್ಲಿ ಇಳಿಯಬೇಡಿ. ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಒಂದೇ ಕಂಪನಿ ಒಳ್ಳೆಯದನ್ನೂ ಮಾಡುತ್ತದೆ, ಕೆಟ್ಟದ್ದನ್ನೂ ಮಾಡುತ್ತದೆ.

ಮನೆಗೆ ತಂದ ಮೇಲೆ ಮಗಳಿಗೆ ಒಂದು ಕೆಲಸ ಹೇಳಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಕ್ಯಾಡ್ ಸಾಫ್ಟ್‌ವೇರ್‌ಗೆ "ಹೈ ಪರ್ಫಾರ್ಮೆನ್ಸ್" ಆರಿಸಬೇಕು. ಇಲ್ಲದಿದ್ದರೆ ಎಷ್ಟೋ ಸಲ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಂದ ಕಾರ್ಡನ್ನು ಬಿಟ್ಟು ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್‌ನಲ್ಲೇ ನಡೆಯುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ನಿಮಗೆ ಹೊರಗೆ ಡ್ರಾಯಿಂಗ್ ಮಾಡಿಕೊಡುತ್ತಿದ್ದರಲ್ಲ, ಅವರಿಂದ ಆ ಕಷ್ಟದ ಪಂಪ್ ಬಾಡಿಯ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳಲ್ಲಿ ತೆರೆಯುವ ಮಾಡೆಲ್ ಫೈಲ್) ಕೇಳಿ ತನ್ನಿ. ಮೊದಲ ವಾರದಲ್ಲೇ ಅದನ್ನು ತೆರೆದು, ತಿರುಗಿಸಿ, ನಾಲ್ಕು ಕಡೆ ಫಿಲೆಟ್ ಹಾಕಿ ಒಂದು ತಾಸು ಒದ್ದಾಡಿಸಲಿ. ತೊಂದರೆ ಇದ್ದರೆ ಅಂಗಡಿಯವರು ಬದಲಿಸಿಕೊಡುವ ದಿನಗಳು ಮುಗಿಯುವ ಮೊದಲೇ ಗೊತ್ತಾಗಿಬಿಡುತ್ತದೆ.